ಮಣ್ಣಿನಡಿಯ ಸಾಕ್ಷ್ಯ: ವಾರ್ಸಾ ಘೆಟ್ಟೋವಿನ ದಾಖಲೆಗಳು ಮತ್ತು ಸ್ಮೃತಿರಕ್ಷಣೆಯ ಪ್ರಶ್ನೆ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನಿಯ ನಾಜಿ ಆಡಳಿತವು ತನ್ನ ಸಹಯೋಗಿಗಳೊಡನೆ ಸೇರಿ ಯುರೋಪಿನ ಸುಮಾರು 60 ಲಕ್ಷ ಯಹೂದ್ಯರನ್ನು ಯೋಜನಾಬದ್ಧವಾಗಿ ಕೊಂದಿತು. ರೋಮಾ ಜನರನ್ನೂ ಅಂಗವಿಕಲರನ್ನೂ ಅದು ದೊಡ್ಡ ಸಂಖ್ಯೆಯಲ್ಲಿ ಕೊಂದಿತೆಂಬುದನ್ನು ಇದರೊಡನೆಯೇ ಹೇಳಬೇಕು. 1945ರ ಜನವರಿ 27ರಂದು ಸೋವಿಯತ್ ಸೇನೆ ಔಷ್‌ವಿಟ್ಸ್ ಶಿಬಿರವನ್ನು ಬಿಡುಗಡೆಗೊಳಿಸಿತು. ಆ ದಿನವನ್ನು ಅಂತರರಾಷ್ಟ್ರೀಯ ಸ್ಮರಣೆಯ ದಿನವೆಂದು ವಿಶ್ವಸಂಸ್ಥೆಯ ಮಹಾಸಭೆಯು 2005ರಲ್ಲಿ ಗೊತ್ತುಮಾಡಿತು. 2022ರ ಜನವರಿಯಲ್ಲಿ ಇನ್ನೊಂದು ನಿರ್ಣಯದ ಮೂಲಕ ಈ ಹತ್ಯೆಯ ನಿರಾಕರಣೆಯನ್ನು ಖಂಡಿಸಿತು.

ಆದರೆ ದಿನಾಚರಣೆ ಬೇರೆ, ಸ್ಮೃತಿ ಬೇರೆ. ಆ ಶಿಬಿರಗಳಿಂದ ಬದುಕಿ ಬಂದವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ. ಕಣ್ಣಾರೆ ಕಂಡವರು ಒಬ್ಬರೂ ಉಳಿಯದ ಕಾಲ ದೂರವಿಲ್ಲ. ಆ ಬಳಿಕ ಸ್ಮೃತಿ ಯಾವುದನ್ನು ಆಧರಿಸಿ ನಿಲ್ಲುತ್ತದೆ? ಹಸ್ತಪ್ರತಿ, ಪಾಠ, ಆಕರಗಳ ನಡುವೆ ಕೆಲಸಮಾಡುವ ನಮ್ಮಂಥವರಿಗೆ ಈ ಪ್ರಶ್ನೆ ಹೊರಗಿನದಲ್ಲ. ದಾಖಲೆಯನ್ನು ಸಂಗ್ರಹಿಸುವ, ಕಾಪಾಡುವ, ಪರೀಕ್ಷಿಸುವ, ಸರಿಯಾಗಿ ಹೆಸರಿಸುವ ವಿದ್ವತ್ತಿನ ಶಿಸ್ತೇ ಸ್ಮೃತಿಯ ಕೊನೆಯ ಆಸರೆ ಎಂಬುದನ್ನು ಕೆಲವು ನಿದರ್ಶನಗಳ ಮೂಲಕ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಹೆಸರಿನ ತೊಡಕು

ಈ ಘಟನೆಯನ್ನು ಕನ್ನಡದಲ್ಲಿ ಏನೆಂದು ಕರೆಯಬೇಕೆಂಬುದೇ ಮೊದಲ ತೊಡಕು. ಇಂಗ್ಲಿಷಿನಲ್ಲಿ ರೂಢವಾಗಿರುವ ‘ಹೋಲೋಕಾಸ್ಟ್’ ಗ್ರೀಕ್ ಮೂಲದ ಶಬ್ದ. ಪೂರ್ತಿಯಾಗಿ ಸುಟ್ಟು ದೇವರಿಗೆ ಅರ್ಪಿಸಿದ ಬಲಿ ಎಂಬುದು ಅದರ ಮೂಲಾರ್ಥ. ಕೊಲೆಗೀಡಾದವರನ್ನು ಬಲಿಯ ದ್ರವ್ಯವಾಗಿಸಿ, ಕೊಂದವರನ್ನು ಯಜ್ಞದ ಯಜಮಾನರ ಸ್ಥಾನದಲ್ಲಿ ಕೂರಿಸುವ ಈ ಅರ್ಥಚ್ಛಾಯೆಯ ಕಾರಣದಿಂದ ಅನೇಕ ವಿದ್ವಾಂಸರು ಆ ಶಬ್ದವನ್ನು ಒಪ್ಪುವುದಿಲ್ಲ. ಹೀಬ್ರೂ ಭಾಷೆಯ ‘ಶೋಆ’ ಎಂದರೆ ಮಹಾವಿಪತ್ತು. ಯಿಡ್ಡಿಷ್ ಮಾತನಾಡುತ್ತಿದ್ದವರು ‘ಖುರ್ಬನ್’ ಎಂದರು; ಜೆರುಸಲೇಮಿನ ದೇವಾಲಯದ ವಿನಾಶಕ್ಕೆ ಹಿಂದಿನಿಂದಲೂ ಬಳಕೆಯಲ್ಲಿದ್ದ ಪದವದು.

ನಮ್ಮ ಪತ್ರಿಕೆಗಳೂ ಪಠ್ಯಪುಸ್ತಕಗಳೂ ಸಾಮಾನ್ಯವಾಗಿ ‘ನರಮೇಧ’ ಅಥವಾ ‘ಮಾರಣಹೋಮ’ ಎಂದು ಬರೆಯುತ್ತವೆ. ‘ಅಶ್ವಮೇಧ’ದಲ್ಲಿರುವ ‘ಮೇಧ’ವೇ ಮೊದಲನೆಯದರಲ್ಲಿದೆ; ಎರಡನೆಯದರಲ್ಲಿ ‘ಹೋಮ’ವೇ ಕಣ್ಣಿಗೆ ಕಟ್ಟುವಂತಿದೆ. ಗ್ರೀಕ್ ಶಬ್ದದ ಯಾವ ದೋಷವನ್ನು ಪಾಶ್ಚಾತ್ಯ ವಿದ್ವಾಂಸರು ಎತ್ತಿ ತೋರಿಸಿದರೋ ಅದೇ ದೋಷ, ಆ ಚರ್ಚೆಯ ಅರಿವಿಲ್ಲದೆಯೇ, ಕನ್ನಡದಲ್ಲಿಯೂ ಮೈದಾಳಿರುವುದು ಸೋಜಿಗದ ಸಂಗತಿ. ‘ಹತ್ಯಾಕಾಂಡ’ಕ್ಕೆ ಈ ದೋಷವಿಲ್ಲವಾದರೂ ಒಂದು ಊರಿನ ಒಂದು ದಿನದ ಕೊಲೆಗೂ ಅದೇ ಪದ ಸಲ್ಲುತ್ತದೆ. ಒಂದು ಸಮುದಾಯವನ್ನೇ ಇಲ್ಲವಾಗಿಸುವ ಉದ್ದೇಶವನ್ನು ಸೂಚಿಸಲು ರಾಫಾಯೆಲ್ ಲೆಮ್ಕಿನ್ 1944ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ‘ಜೆನೊಸೈಡ್’ ಎಂಬ ಹೊಸ ಪದವನ್ನು ಬಳಕೆಗೆ ತಂದರು. 1948ರಲ್ಲಿ ವಿಶ್ವಸಂಸ್ಥೆಯ ಒಡಂಬಡಿಕೆ ಅದನ್ನು ಅಪರಾಧದ ಹೆಸರಾಗಿ ಸ್ವೀಕರಿಸಿತು. ಈ ಅರ್ಥಕ್ಕೆ ಹತ್ತಿರವಾದ ‘ಯಹೂದ್ಯ ಜನಾಂಗಹತ್ಯೆ’ ಎಂಬ ರೂಪವನ್ನು ನಾವು ಇಲ್ಲಿ ಬಳಸಿದ್ದೇವೆ.

ದ್ವೇಷದ ಹೆಸರೂ ಇಷ್ಟೇ ವಿಚಾರಾರ್ಹವಾದುದು. ‘ಸೆಮಿಟಿಕ್’ ಎಂಬುದು ಹೀಬ್ರೂ, ಅರಬ್ಬಿ, ಅರಮಾಯಿಕ್ ಮೊದಲಾದವುಗಳನ್ನು ಒಳಗೊಂಡ ಭಾಷಾವರ್ಗದ ಹೆಸರು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ವಿದ್ವಾಂಸರು ಇಟ್ಟದ್ದು. 1879ರಲ್ಲಿ ವಿಲ್‌ಹೆಲ್ಮ್ ಮಾರ್ ಎಂಬ ಜರ್ಮನ್ ಬರೆಹಗಾರನಿಂದ ‘ಆಂಟಿಸೆಮಿಟಿಸಂ’ ಎಂಬ ಮಾತು ಪ್ರಚಾರಕ್ಕೆ ಬಂದಾಗ ಆ ಹೆಸರು ರಕ್ತದ ಹೆಸರಾಗಿ ಮಾರ್ಪಟ್ಟಿತು. ಹಳೆಯ ಮತದ್ವೇಷಕ್ಕೆ ಶಾಸ್ತ್ರದ ವೇಷ ದೊರೆಯಿತು. ‘ಆರ್ಯ’ ಶಬ್ದಕ್ಕೂ ಇದೇ ಗತಿಯಾಯಿತು. ಭಾಷೆಗೆ ಸಲ್ಲುವ ಹೆಸರನ್ನು ಜನರ ತಲೆಬುರುಡೆಗೆ ಅನ್ವಯಿಸುವುದು ಅಸಂಬದ್ಧವೆಂದು ಮ್ಯಾಕ್ಸ್ ಮುಲ್ಲರ್ 1888ರಲ್ಲಿಯೇ ಎಚ್ಚರಿಸಿದ್ದರು, ಕೇಳಬೇಕಾದವರು ಕೇಳಲಿಲ್ಲ. 1935ರ ನ್ಯೂರೆಂಬರ್ಗ್ ಕಾನೂನುಗಳ ವಿಪರ್ಯಾಸ ಇಲ್ಲಿಯೇ ಇದೆ. ರಕ್ತದ ಹೆಸರಿನಲ್ಲಿ ರಚಿತವಾದ ಈ ಕಾನೂನುಗಳ ಅಡಿಯಲ್ಲಿ ಯಾರು ಯಹೂದ್ಯರೆಂದು ತೀರ್ಮಾನಿಸಲು ಅಜ್ಜ ಅಜ್ಜಿಯರ ಮತವನ್ನೇ ನೋಡಬೇಕಾಯಿತು, ಏಕೆಂದರೆ ರಕ್ತದಲ್ಲಿ ಅಂಥ ಗುರುತು ಯಾವುದೂ ಇರಲಿಲ್ಲ. ‘ಆರ್ಯ’, ‘ದ್ರಾವಿಡ’ ಎಂಬ ಪದಗಳನ್ನು ದಿನನಿತ್ಯ ಬಳಸುವ ಭಾರತೀಯ ಭಾಷಾಸಂಶೋಧಕರಿಗೆ ಇದರಲ್ಲಿ ಕಲಿಯತಕ್ಕದ್ದು ಬಹಳಷ್ಟಿದೆ. ಕನ್ನಡದಲ್ಲಿ ‘ಯಹೂದ್ಯದ್ವೇಷ’ ಎಂದರೆ ಸಾಕು. ವೇಷ ಕಳಚಿ ವಸ್ತು ಉಳಿಯುತ್ತದೆ.

2. ಒಂದು ಹಳೆಯ ಕಥನದ ಆಯುಷ್ಯ

ಮಧ್ಯಯುಗದ ಸಾಹಿತ್ಯವನ್ನು ಓದುವವರಿಗೆ ಸಂತಚರಿತೆಯೆಂಬ ಪ್ರಕಾರ ಪರಿಚಿತವಾದುದು. ಅದರ ಶಕ್ತಿ ಎಷ್ಟು ಘೋರವಾಗಬಲ್ಲದೆಂಬುದಕ್ಕೆ ಇಂಗ್ಲೆಂಡಿನ ಒಂದು ನಿದರ್ಶನವಿದೆ. 1144ರಲ್ಲಿ ನಾರ್ವಿಚ್ ಪಟ್ಟಣದ ಬಳಿ ವಿಲಿಯಂ ಎಂಬ ಬಾಲಕನ ಶವ ದೊರೆಯಿತು. ಕೊಂದವರು ಯಾರೆಂದು ತಿಳಿಯಲಿಲ್ಲ. ಕೆಲವು ವರ್ಷಗಳ ಅನಂತರ ಅಲ್ಲಿಗೆ ಬಂದ ಥಾಮಸ್ ಆಫ್ ಮನ್‌ಮತ್ ಎಂಬ ಸನ್ಯಾಸಿ, ಯಹೂದ್ಯರು ಆ ಬಾಲಕನನ್ನು ಮತಾಚರಣೆಗಾಗಿ ಕೊಂದರೆಂದು ಆರೋಪಿಸಿ ಅವನ ಚರಿತೆಯನ್ನು ಲ್ಯಾಟಿನ್ನಿನಲ್ಲಿ ರಚಿಸಿದ. ಈ ಕೃತಿ ಇಂದು ಒಂದೇ ಒಂದು ಹಸ್ತಪ್ರತಿಯಲ್ಲಿ ಉಳಿದಿದೆ. ಆದರೆ ಕಥನ ಮಾತ್ರ ಊರಿಂದೂರಿಗೆ ಹಬ್ಬಿತು. 1235ರಲ್ಲಿ ಜರ್ಮನಿಯ ಫುಲ್ಡಾದಲ್ಲಿ ಅದಕ್ಕೆ ರಕ್ತ ಸಂಗ್ರಹಿಸುವ ಅಂಶವೂ ಸೇರಿಕೊಂಡಿತು. 1247ರಲ್ಲಿ ನಾಲ್ಕನೆಯ ಇನ್ನೊಸೆಂಟ್ ಪೋಪರೇ ಈ ಆರೋಪವನ್ನು ಅಲ್ಲಗಳೆದರೂ ಅದು ನಿಲ್ಲಲಿಲ್ಲ.

ಎಂಟು ಶತಮಾನ ಕಳೆದ ಮೇಲೆ, 1946ರ ಜುಲೈ 4ರಂದು, ಪೋಲೆಂಡಿನ ಕೀಲ್ಟ್ಸೆ ಪಟ್ಟಣದಲ್ಲಿ ಯಹೂದ್ಯರು ತನ್ನನ್ನು ನೆಲಮಾಳಿಗೆಯಲ್ಲಿ ಕೂಡಿಹಾಕಿದ್ದರೆಂದು ಒಬ್ಬ ಬಾಲಕ ಹೇಳಿದ ಸುಳ್ಳು ವದಂತಿಯಾಗಿ ಬೆಳೆಯಿತು. ಜನಾಂಗಹತ್ಯೆಯಿಂದ ಹೇಗೋ ಬದುಕಿ ಬಂದಿದ್ದವರ ಮೇಲೆ ಗುಂಪು ಎರಗಿತು. ಪೊಲೀಸರೂ ಸೈನಿಕರೂ ಅದರಲ್ಲಿ ಸೇರಿದ್ದರು. ಕನಿಷ್ಠ 42 ಯಹೂದ್ಯರು ಸತ್ತರು. ಬಾಲಕ ತೋರಿಸಿದ ಕಟ್ಟಡಕ್ಕೆ ನೆಲಮಾಳಿಗೆಯೇ ಇರಲಿಲ್ಲ.

ಇದಾದ ಎರಡೂವರೆ ತಿಂಗಳಿಗೆ, ಅದೇ ದೇಶದ ರಾಜಧಾನಿಯಲ್ಲಿ, ನಿಜವಾದ ಒಂದು ನೆಲಮಾಳಿಗೆಯ ಅವಶೇಷಗಳನ್ನು ಅಗೆಯಲಾಯಿತು. ಅಲ್ಲಿ ದೊರೆತದ್ದೇನೆಂದು ಅರಿಯಲು ಕೆಲವು ವರ್ಷ ಹಿಂದಕ್ಕೆ ಹೋಗಬೇಕು.

3. ಶನಿವಾರದ ಕೂಟ

ಎಮಾನ್ಯುಎಲ್ ರಿಂಗೆಲ್‌ಬ್ಲೂಮ್ 1900ರಲ್ಲಿ ಜನಿಸಿದ ಇತಿಹಾಸಕಾರ. ಆರಂಭದಿಂದ 1527ರವರೆಗಿನ ವಾರ್ಸಾದ ಯಹೂದ್ಯರ ಇತಿಹಾಸವನ್ನು ಕುರಿತು ಪ್ರಬಂಧ ಬರೆದು 1927ರಲ್ಲಿ ವಾರ್ಸಾ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದವರು. ಅಂದರೆ ಅವರು ಮಧ್ಯಯುಗದ ವಿದ್ವಾಂಸರು. ಹಳೆಯ ಕಡತಗಳಲ್ಲಿ ಸಾಮಾನ್ಯ ಜನರ ಬದುಕಿನ ಕುರುಹುಗಳು ಎಷ್ಟು ವಿರಳವಾಗಿ ಉಳಿಯುತ್ತವೆಂಬುದನ್ನೂ, ಉಳಿದದ್ದು ಬಹುಪಾಲು ಅಧಿಕಾರಿಗಳ ಬರೆಹವೇ ಎಂಬುದನ್ನೂ ಅನುಭವದಿಂದ ಬಲ್ಲವರು.

1940ರ ನವೆಂಬರ್ 16ರಂದು ಜರ್ಮನರು ವಾರ್ಸಾ ಘೆಟ್ಟೋವನ್ನು ಮುಚ್ಚಿದರು. ಸುಮಾರು 3.4 ಚದರ ಕಿಲೋಮೀಟರು ಪ್ರದೇಶದೊಳಗೆ 4 ಲಕ್ಷಕ್ಕೂ ಹೆಚ್ಚು ಜನ ಬಂದಿಗಳಾದರು. 1942ರ ಮಧ್ಯಭಾಗದ ಹೊತ್ತಿಗೆ ಹಸಿವು ಮತ್ತು ರೋಗಗಳಿಂದಲೇ ಸುಮಾರು 83,000 ಮಂದಿ ಸತ್ತರು. ಘೆಟ್ಟೋ ಮುಚ್ಚಿದ ಒಂದು ವಾರದೊಳಗೆ ರಿಂಗೆಲ್‌ಬ್ಲೂಮ್ ಒಂದು ಗುಪ್ತ ಕೂಟವನ್ನು ಕಟ್ಟಿದರು. ಶನಿವಾರ ಸಭೆ ಸೇರುತ್ತಿದ್ದುದರಿಂದ ಅದಕ್ಕೆ ‘ಓಯ್ನೆಗ್ ಶಬ್ಬೆಸ್’, ಅಂದರೆ ಸಬ್ಬತ್ತಿನ ಆನಂದ, ಎಂಬ ಹೆಸರಾಯಿತು. ಅಧ್ಯಾಪಕರು, ಲೇಖಕರು, ಪತ್ರಕರ್ತರು, ಧರ್ಮಗುರುಗಳು, ಅರ್ಥಶಾಸ್ತ್ರಜ್ಞರು ಸೇರಿ ಸುಮಾರು ಐವತ್ತು ಅರುವತ್ತು ಜನ ಅದರಲ್ಲಿ ದುಡಿದರು.

ಅವರ ಕಾರ್ಯವಿಧಾನ ಇಂದಿನ ಯಾವ ಸಂಶೋಧನ ಕೇಂದ್ರಕ್ಕೂ ಮಾದರಿಯಾಗಬಲ್ಲದು. ಬೀದಿಯ ಮಕ್ಕಳು, ಸ್ತ್ರೀಯರ ಬದುಕು, ಕಳ್ಳಸಾಗಣೆ, ಗಂಜಿಕೇಂದ್ರಗಳು, ಪೋಲಿಷ್ ನೆರೆಯವರೊಡನೆ ಸಂಬಂಧ ಮುಂತಾದ ವಿಷಯಗಳಿಗೆ ಪ್ರಶ್ನಾವಳಿಗಳನ್ನು ಸಿದ್ಧಪಡಿಸಿದರು. ಹಳ್ಳಿ ಪಟ್ಟಣಗಳಿಂದ ಓಡಿಬಂದವರ ಹೇಳಿಕೆಗಳನ್ನು ಬರೆದುಕೊಂಡರು. ಒಂದೇ ಘಟನೆಯನ್ನು ಹಲವರಿಂದ ಬರೆಯಿಸಿದರು. ದಿನಚರಿ, ಪತ್ರ, ಗುಪ್ತಪತ್ರಿಕೆಗಳ ಜೊತೆಗೆ ಟ್ರಾಂ ಟಿಕೆಟ್ಟು, ಪಡಿತರ ಚೀಟಿ, ಮಿಠಾಯಿಯ ಹೊದಿಕೆ, ಸಂಗೀತ ಕಚೇರಿಯ ಆಹ್ವಾನಪತ್ರ, ಶಾಲಾಮಕ್ಕಳ ಪ್ರಬಂಧ, ಬೀದಿಯಲ್ಲಿ ಕೇಳಿಬಂದ ನಗೆಹನಿ ಎಲ್ಲವೂ ಅವರಿಗೆ ಆಕರವೇ ಆಗಿದ್ದವು. ಘೆಟ್ಟೋವಿನ ಯಹೂದ್ಯ ಪೊಲೀಸರ ಕ್ರೌರ್ಯವನ್ನೂ ಒಳಗಿನ ಭ್ರಷ್ಟಾಚಾರವನ್ನೂ ಅವರು ಮರೆಮಾಚಲಿಲ್ಲ. ತಮ್ಮವರನ್ನು ಸಂತರನ್ನಾಗಿಸುವ ಚರಿತೆ ಅವರಿಗೆ ಬೇಕಾಗಿರಲಿಲ್ಲ. ಸತ್ಯದ ಒಂದು ಭಾಗವನ್ನು ಮುಚ್ಚಿಟ್ಟರೆ ಉಳಿದುದನ್ನು ಯಾರೂ ನಂಬರೆಂಬ ಅರಿವು ಅಲ್ಲಿ ಕೆಲಸ ಮಾಡುತ್ತಿತ್ತು.

ಈ ಎಚ್ಚರ ಏಕೆ ಅಗತ್ಯವಾಗಿತ್ತೆಂಬುದನ್ನು ಇನ್ನೊಂದು ಸಂಗತಿ ಸ್ಪಷ್ಟಪಡಿಸುತ್ತದೆ. 1942ರ ಮೇ ತಿಂಗಳಲ್ಲಿ ಜರ್ಮನರ ಚಿತ್ರತಂಡವೊಂದು ಘೆಟ್ಟೋವಿಗೆ ಬಂದು, ಉಪವಾಸ ಸಾಯುವವರ ಪಕ್ಕದಲ್ಲಿಯೇ ಭೋಜನ ಮಾಡುವ ಸಿರಿವಂತ ಯಹೂದ್ಯರ ದೃಶ್ಯಗಳನ್ನು ಬಲವಂತದಿಂದ ಆಡಿಸಿ ಚಿತ್ರೀಕರಿಸಿತು. ಚಿತ್ರ ಪೂರ್ಣಗೊಳ್ಳಲಿಲ್ಲ, ಸುರುಳಿಗಳು ಉಳಿದವು. ಕೊಲ್ಲುವವರು ತಮ್ಮದೇ ದಾಖಲೆಯನ್ನು ಸಿದ್ಧಪಡಿಸುತ್ತಿದ್ದರು. ಕೊಲೆಗೀಡಾಗುವವರ ಬರೆಹ ಉಳಿಯದಿದ್ದರೆ ಮುಂದಿನವರು ಘೆಟ್ಟೋವನ್ನು ಆ ಚಿತ್ರದ ಕಣ್ಣಿನಿಂದಲೇ ಕಾಣಬೇಕಾಗುತ್ತಿತ್ತು.

1942ರ ಆರಂಭದಲ್ಲಿ, ವಿಷಾನಿಲ ತುಂಬಿದ ವಾಹನಗಳಲ್ಲಿ ಜನರನ್ನು ಕೊಲ್ಲುತ್ತಿದ್ದ ಖೆಲ್ಮ್ನೋ ಎಂಬಲ್ಲಿಂದ ಪಾರಾಗಿ ಬಂದ ಒಬ್ಬ ವ್ಯಕ್ತಿಯ ಹೇಳಿಕೆಯನ್ನು ಕೂಟದ ಕಾರ್ಯದರ್ಶಿ ಹೆರ್ಶ್ ವಾಸ್ಸೆರ್ ಮತ್ತು ಅವರ ಪತ್ನಿ ಬ್ಲೂಮಾ ದಾಖಲಿಸಿದರು. ಅಂದಿನಿಂದ ಕೂಟದ ಸ್ವರೂಪವೇ ಬದಲಾಯಿತು. ಮುಂದಿನ ಪೀಳಿಗೆಗೆಂದು ಆರಂಭವಾದ ಸಂಗ್ರಹ ವರ್ತಮಾನದ ಜಗತ್ತಿಗೆ ಎಚ್ಚರಿಕೆ ಕೊಡುವ ಸಾಧನವಾಯಿತು. ಪೋಲಿಷ್ ಭೂಗತ ಚಳವಳಿಯ ಮೂಲಕ ಅವರ ವರದಿಗಳು ಲಂಡನ್ನನ್ನು ತಲುಪಿದವು. 1942ರ ಜೂನ್ ತಿಂಗಳಲ್ಲಿ ಬಿ.ಬಿ.ಸಿ. ಪೋಲೆಂಡಿನ ಯಹೂದ್ಯರ ಹತ್ಯೆಯ ಸುದ್ದಿಯನ್ನು ಬಿತ್ತರಿಸಿತು.

4. ಹೂಳಿದ್ದು, ದೊರೆತದ್ದು

1942ರ ಜುಲೈ 22ರಿಂದ ಸೆಪ್ಟೆಂಬರ್ 21ರವರೆಗೆ ಸುಮಾರು 2,65,000 ಜನರನ್ನು ವಾರ್ಸಾದಿಂದ ಟ್ರೆಬ್ಲಿಂಕಾ ಶಿಬಿರಕ್ಕೆ ಸಾಗಿಸಿ ಕೊಲ್ಲಲಾಯಿತು. ಆ ದಿನಗಳ ನಡುವೆ, ಆಗಸ್ಟ್ 3ರಂದು, ನೊವೊಲಿಪ್ಕಿ ಬೀದಿಯ 68ನೆಯ ನಂಬರಿನ ಶಾಲೆಯ ನೆಲಮಾಳಿಗೆಯಲ್ಲಿ ಇಸ್ರಾಯೆಲ್ ಲಿಚ್‌ಟೆನ್‌ಸ್ಟೈನ್ ಎಂಬ ಅಧ್ಯಾಪಕರು ತಮ್ಮ ಇಬ್ಬರು ಹಳೆಯ ವಿದ್ಯಾರ್ಥಿಗಳೊಡನೆ ಸಂಗ್ರಹದ ಮೊದಲ ಭಾಗವನ್ನು ಹತ್ತು ಲೋಹದ ಪೆಟ್ಟಿಗೆಗಳಲ್ಲಿ ಹೂಳಿದರು. ದಾವೀದ್ ಗ್ರಾಬರ್ ಎಂಬ ವಿದ್ಯಾರ್ಥಿಗೆ ಆಗ ಹತ್ತೊಂಬತ್ತು ವರ್ಷ. ಮೂವರೂ ತಮ್ಮ ಕೊನೆಯ ಮಾತುಗಳನ್ನು ಬರೆದು ಒಳಗಿಟ್ಟರು. ಲಿಚ್‌ಟೆನ್‌ಸ್ಟೈನರ ಪತ್ನಿ, ಚಿತ್ರಕಲಾವಿದೆ ಗೆಲಾ ಸೆಕ್‌ಸ್ಟೈನ್, ತಮ್ಮ ಚಿತ್ರಗಳನ್ನೂ ಸೇರಿಸಿದರು. ನಮ್ಮ ಓಲೆಗರಿಗಳ ಕೊನೆಯಲ್ಲಿ ಲಿಪಿಕಾರ ತನ್ನ ಹೆಸರು ಹೇಳಿ, ಗ್ರಂಥವನ್ನು ನೀರಿನಿಂದಲೂ ಅಜ್ಞರ ಕೈಯಿಂದಲೂ ಕಾಪಾಡಿರೆಂದು ಓದುಗನನ್ನು ಬೇಡುವ ಪದ್ಧತಿಯನ್ನು ಬಲ್ಲವರಿಗೆ ಆ ಮೂವರ ಬರೆಹಗಳ ಸ್ವರ ಅಪರಿಚಿತವೆನಿಸದು.

ಎರಡನೆಯ ಭಾಗವನ್ನು 1943ರ ಆರಂಭದಲ್ಲಿ ಹಾಲು ಸಾಗಿಸುವ ಎರಡು ಲೋಹದ ಕ್ಯಾನುಗಳಲ್ಲಿ ಅದೇ ಸ್ಥಳದಲ್ಲಿ ಹೂಳಲಾಯಿತು. ಮೂರನೆಯ ಭಾಗವನ್ನು, ಏಪ್ರಿಲ್ 19ರಂದು ಘೆಟ್ಟೋವಿನ ಬಂಡಾಯ ಆರಂಭವಾಗುವ ಮುನ್ನ, ಬೇರೊಂದು ಕಡೆ ಬಚ್ಚಿಟ್ಟರೆಂದು ತಿಳಿದುಬರುತ್ತದೆ. ರಿಂಗೆಲ್‌ಬ್ಲೂಮರನ್ನೂ ಅವರ ಕುಟುಂಬವನ್ನೂ ವೋಲ್ಸ್ಕಿ ಎಂಬ ಪೋಲಿಷ್ ತೋಟಗಾರನ ಮನೆಯವರು ತಮ್ಮ ತೋಟದ ನೆಲದಡಿಯ ಅಡಗುತಾಣದಲ್ಲಿ ಇತರರೊಡನೆ ಇರಿಸಿಕೊಂಡಿದ್ದರು. ಅಲ್ಲಿಯೂ ಅವರು ಪೋಲಿಷ್–ಯಹೂದ್ಯ ಸಂಬಂಧವನ್ನು ಕುರಿತ ಗ್ರಂಥವನ್ನು ಬರೆಯುತ್ತಿದ್ದರು. 1944ರ ಮಾರ್ಚಿಯಲ್ಲಿ ಅಡಗುತಾಣ ಪತ್ತೆಯಾಯಿತು. ರಿಂಗೆಲ್‌ಬ್ಲೂಮ್, ಪತ್ನಿ ಯೆಹೂದಿತ್, ಮಗ ಊರಿ ಮತ್ತು ಜೊತೆಯಲ್ಲಿದ್ದವರು ಕೊಲ್ಲಲ್ಪಟ್ಟರು. ಆಶ್ರಯವಿತ್ತ ವೋಲ್ಸ್ಕಿಯೂ ಪ್ರಾಣ ತೆತ್ತನು.

ಕೂಟದವರಲ್ಲಿ ಯುದ್ಧಾನಂತರ ಉಳಿದವರು ಮೂವರೇ: ವಾಸ್ಸೆರ್ ದಂಪತಿಗಳು ಮತ್ತು ಲೇಖಕಿ ರಾಚೆಲ್ ಔಎರ್‌ಬಾಖ್. ನಗರ ಇಟ್ಟಿಗೆಯ ರಾಶಿಯಾಗಿತ್ತು. ಬೀದಿಯ ಗುರುತೂ ಇರಲಿಲ್ಲ. ಇವರ ಒತ್ತಾಯ ಮತ್ತು ಮಾರ್ಗದರ್ಶನದಿಂದ 1946ರ ಸೆಪ್ಟೆಂಬರ್ 18ರಂದು ಹತ್ತು ಪೆಟ್ಟಿಗೆಗಳು ದೊರೆತವು. ಅವುಗಳೊಳಗೆ ನೀರು ಇಳಿದಿತ್ತು. ಕಾಗದಗಳು ಅಂಟಿಕೊಂಡು, ಶಾಯಿ ಹರಡಿ, ಅನೇಕ ಪುಟಗಳು ಅಳಿಸಿಹೋಗಿದ್ದವು. ಹಾಲಿನ ಕ್ಯಾನುಗಳು 1950ರ ಡಿಸೆಂಬರ್ 1ರಂದು ಕಟ್ಟಡ ಕಾರ್ಮಿಕರಿಗೆ ಸಿಕ್ಕಿದವು. ಅವುಗಳಲ್ಲಿದ್ದ ಕಾಗದಗಳ ಸ್ಥಿತಿ ಹೆಚ್ಚು ಉತ್ತಮವಾಗಿತ್ತು. ಮೂರನೆಯ ಭಾಗದಲ್ಲಿ ಕೆಲವು ಸುಟ್ಟ ಹಾಳೆಗಳ ಹೊರತು ಬೇರೇನೂ ಈವರೆಗೆ ದೊರೆತಿಲ್ಲ.

ಉಳಿದಿರುವ ಸುಮಾರು 35,000 ಪುಟಗಳು ವಾರ್ಸಾದ ಯಹೂದ್ಯ ಇತಿಹಾಸ ಸಂಸ್ಥೆಯಲ್ಲಿವೆ. ಯಿಡ್ಡಿಷ್, ಪೋಲಿಷ್, ಹೀಬ್ರೂ, ಜರ್ಮನ್ ಭಾಷೆಗಳ ಈ ಬರೆಹಗಳನ್ನು ಯುನೆಸ್ಕೊ 1999ರಲ್ಲಿ ‘ವಿಶ್ವಸ್ಮೃತಿ’ ಪಟ್ಟಿಗೆ ಸೇರಿಸಿತು. ಮಾಸಿದ ಅಕ್ಷರಗಳನ್ನು ಓದಿ, ಲೇಖಕರನ್ನು ಗುರುತಿಸಿ, ಸಟಿಪ್ಪಣಿಕವಾಗಿ ಸಂಪಾದಿಸಿ ಪ್ರಕಟಿಸುವ ಕಾರ್ಯ 1990ರ ದಶಕದಿಂದ ದಶಕಗಳ ಕಾಲ ನಡೆದು ಅನೇಕ ಸಂಪುಟಗಳಾಗಿ ಹೊರಬಂದಿದೆ. ಗ್ರಂಥಸಂಪಾದನೆಯ ಶ್ರಮವನ್ನು ಅರಿತವರಿಗೆ ಈ ಸಾಧನೆಯ ತೂಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

5. ಸಾಕ್ಷ್ಯದ ಪರೀಕ್ಷೆ

ದಾಖಲೆ ಉಳಿದರೆ ಸಾಲದು. ಅದನ್ನು ಓದಬಲ್ಲವರೂ ಕಾಯಬಲ್ಲವರೂ ಇರಬೇಕು. ಇದಕ್ಕೆ ಎರಡು ಪ್ರಸಂಗಗಳನ್ನು ಸ್ಮರಿಸಬಹುದು.

ಯಹೂದ್ಯ ಹಿರಿಯರು ಜಗತ್ತನ್ನು ವಶಪಡಿಸಿಕೊಳ್ಳಲು ನಡೆಸಿದ ಗುಪ್ತಸಭೆಯ ನಡಾವಳಿಯೆಂದು ಹೇಳಿಕೊಳ್ಳುವ ‘ಪ್ರೊಟೊಕಾಲ್ಸ್’ ಎಂಬ ಪುಸ್ತಕ 1903ರಲ್ಲಿ ರಷ್ಯಾದಲ್ಲಿ ಮೊದಲು ಪ್ರಕಟವಾಯಿತು. 1921ರಲ್ಲಿ ಲಂಡನ್ನಿನ ‘ಟೈಮ್ಸ್’ ಪತ್ರಿಕೆಯ ಫಿಲಿಪ್ ಗ್ರೇವ್ಸ್ ಅದನ್ನು ಇನ್ನೊಂದು ಕೃತಿಯೊಡನೆ ಸಾಲುಸಾಲಾಗಿ ಹೋಲಿಸಿ, ಅದು ಮಾರಿಸ್ ಜೋಲಿ ಎಂಬ ಫ್ರೆಂಚ್ ಲೇಖಕ ಮೂರನೆಯ ನೆಪೋಲಿಯನ್ನನನ್ನು ವಿಡಂಬಿಸಿ 1864ರಲ್ಲಿ ಬರೆದ ಸಂವಾದದಿಂದ ಕದ್ದು ಹೆಣೆದದ್ದೆಂದು ಸಿದ್ಧಪಡಿಸಿದರು. ಮೂಲಕೃತಿಗೂ ಯಹೂದ್ಯರಿಗೂ ಯಾವ ಸಂಬಂಧವೂ ಇರಲಿಲ್ಲ. ತೌಲನಿಕ ಪಾಠಪರಿಶೀಲನೆಯ ಇಂಥ ಸ್ಪಷ್ಟ ವಿಜಯ ವಿರಳ. ಆದರೂ ನಾಜಿಗಳು ಆ ಪುಸ್ತಕವನ್ನು ವ್ಯಾಪಕವಾಗಿ ಹಂಚಿದರು. ಇಂದಿಗೂ ಅದು ಹಲವು ಭಾಷೆಗಳಲ್ಲಿ ಮಾರಾಟವಾಗುತ್ತಿದೆ. ಸುಳ್ಳನ್ನು ಒಮ್ಮೆ ಬಯಲಿಗೆಳೆದರೆ ಕೆಲಸ ಮುಗಿಯಿತೆಂದು ವಿದ್ವಾಂಸರು ಭಾವಿಸುವಂತಿಲ್ಲ. ಪ್ರತಿಯೊಂದು ಪೀಳಿಗೆಗೂ ಅದನ್ನು ಹೊಸದಾಗಿ ತೋರಿಸಿಕೊಡಬೇಕಾಗುತ್ತದೆ.

ಎರಡನೆಯದು ಲಂಡನ್ನಿನ ಉಚ್ಚ ನ್ಯಾಯಾಲಯದ ಮೊಕದ್ದಮೆ. ಅಮೆರಿಕದ ಇತಿಹಾಸಕಾರ್ತಿ ಡೆಬೊರಾ ಲಿಪ್‌ಸ್ಟಾಟ್ 1993ರ ತಮ್ಮ ಗ್ರಂಥದಲ್ಲಿ ಡೇವಿಡ್ ಇರ್ವಿಂಗ್ ಎಂಬ ಬ್ರಿಟಿಷ್ ಲೇಖಕನನ್ನು ಜನಾಂಗಹತ್ಯೆಯ ನಿರಾಕರಣವಾದಿಯೆಂದು ಹೆಸರಿಸಿದ್ದರು. ಇರ್ವಿಂಗ್ 1996ರಲ್ಲಿ ಮಾನನಷ್ಟದ ದಾವೆ ಹೂಡಿದ. ಇಂಗ್ಲಿಷ್ ಕಾನೂನಿನಂತೆ ತಮ್ಮ ಮಾತು ನಿಜವೆಂದು ಸಾಧಿಸುವ ಹೊಣೆ ಪ್ರತಿವಾದಿಗಳದೇ ಆಗಿತ್ತು. ಅವರು ಶಿಬಿರಗಳಿಂದ ಬದುಕಿ ಬಂದ ಒಬ್ಬರನ್ನೂ ಸಾಕ್ಷಿಗಳಾಗಿ ಕರೆಯಲಿಲ್ಲವೆಂಬುದು ನಮ್ಮ ಚರ್ಚೆಗೆ ಮುಖ್ಯ. ಬದಲಾಗಿ, ಇತಿಹಾಸಕಾರ ರಿಚರ್ಡ್ ಎವಾನ್ಸ್ ತಮ್ಮ ಸಹಾಯಕರೊಡನೆ ಇರ್ವಿಂಗನ ಅಡಿಟಿಪ್ಪಣಿಗಳ ಜಾಡು ಹಿಡಿದು ಮೂಲ ದಾಖಲೆಗಳವರೆಗೆ ಹೋದರು. ಎಲ್ಲಿ ವಾಕ್ಯ ಬಿಟ್ಟಿದೆ, ಎಲ್ಲಿ ಅನುವಾದ ತಿರುಚಿದೆ, ಎಲ್ಲಿ ತೇದಿ ಬದಲಾಗಿದೆ ಎಂಬುದನ್ನು ತೋರಿಸಿದರು. ತಪ್ಪುಗಳೆಲ್ಲ ಹಿಟ್ಲರನ ಪರವಾಗಿಯೇ ಇದ್ದುದರಿಂದ ಅವು ಕೈತಪ್ಪಲ್ಲವೆಂಬುದು ಖಚಿತವಾಯಿತು. 2000ದ ಏಪ್ರಿಲ್ 11ರಂದು ನ್ಯಾಯಮೂರ್ತಿ ಚಾರ್ಲ್ಸ್ ಗ್ರೇ ಇರ್ವಿಂಗನ ದಾವೆಯನ್ನು ತಳ್ಳಿಹಾಕಿ, ಆತ ಸಾಕ್ಷ್ಯವನ್ನು ಉದ್ದೇಶಪೂರ್ವಕವಾಗಿ ತಿರುಚಿದ್ದಾನೆಂದು ತೀರ್ಪಿತ್ತರು. ಪ್ರತ್ಯಕ್ಷಸಾಕ್ಷಿಗಳಿಲ್ಲದ ಕಾಲದಲ್ಲಿ ಸತ್ಯವನ್ನು ಕಾಯುವ ಬಗೆ ಯಾವುದೆಂಬುದಕ್ಕೆ ಆ ಮೊಕದ್ದಮೆ ಒಂದು ಪೂರ್ವನಿದರ್ಶನ.

6. ನಮ್ಮ ಪಾಲಿನ ಕೆಲಸ

ಇದೆಲ್ಲ ಯುರೋಪಿನ ಇತಿಹಾಸ. ಇದರ ಹೊಣೆಯೂ ಮೊದಲು ಅಲ್ಲಿಯದೇ. ಆದರೆ ಅದರ ಕೆಲವು ಎಳೆಗಳು ನಮ್ಮವರೆಗೂ ಚಾಚಿವೆ. 1933ರ ಏಪ್ರಿಲ್ ತಿಂಗಳಲ್ಲಿ ನಾಜಿ ಸರಕಾರ ಯಹೂದ್ಯರನ್ನು ಸರಕಾರಿ ಹುದ್ದೆಗಳಿಂದ ಹೊರಹಾಕಿದಾಗ ಗೊಟ್ಟಿಂಗೆನ್ ವಿಶ್ವವಿದ್ಯಾಲಯದ ಸ್ಥಾನ ಕಳೆದುಕೊಂಡ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್, ಸಿ. ವಿ. ರಾಮನ್ನರ ಆಹ್ವಾನದ ಮೇಲೆ 1935–36ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದರು. ಅದೇ ಕಾರಣದಿಂದ ಜರ್ಮನಿ ಬಿಟ್ಟ ವಾಸ್ತುಶಿಲ್ಪಿ ಓಟ್ಟೊ ಕ್ಯೋನಿಗ್ಸ್‌ಬೆರ್ಗರ್ 1939ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿ ಮುಖ್ಯ ವಾಸ್ತುಶಿಲ್ಪಿಯಾಗಿ ಕೆಲಸ ಮಾಡಿದರು. ಮುಂಬಯಿ ಆಕಾಶವಾಣಿಯಲ್ಲಿ ದುಡಿದ ಸಂಗೀತಗಾರ ವಾಲ್ಟರ್ ಕೌಫ್‌ಮನ್ ಕೂಡ ಇಂಥ ಆಶ್ರಿತರೇ. ಯಹೂದ್ಯದ್ವೇಷದಿಂದ ಮುಂಬಯಿಯೂ ಹೊರತಾಗಿ ಉಳಿಯಲಿಲ್ಲ. 2008ರ ನವೆಂಬರ್ ತಿಂಗಳ ದಾಳಿಯಲ್ಲಿ ನರಿಮನ್ ಹೌಸ್ ಯಹೂದ್ಯ ಕೇಂದ್ರವನ್ನು ಆರಿಸಿ ಅಲ್ಲಿದ್ದವರನ್ನು ಕೊಂದುದನ್ನು ಮರೆಯಲಾಗದು.

ಇನ್ನೊಂದೆಡೆ, ಮುಂಬಯಿ, ಪುಣೆಗಳಂಥ ನಗರಗಳ ಪುಸ್ತಕದಂಗಡಿಗಳಲ್ಲಿ ಹಿಟ್ಲರನ ಆತ್ಮಕಥೆ ಯಶಸ್ಸಿನ ಪಾಠಗಳ ಪುಸ್ತಕಗಳ ಪಕ್ಕದಲ್ಲಿಯೇ ಕುಳಿತಿರುತ್ತದೆ. ಕನ್ನಡದ ಆಡುಮಾತಿನಲ್ಲಿ ‘ಹಿಟ್ಲರ್’ ಎಂದರೆ ಕಟ್ಟುನಿಟ್ಟಿನ ಹೆಡ್‌ಮಾಸ್ತರರಿಗೋ ಮೇಲಧಿಕಾರಿಗೋ ಇಟ್ಟ ಅಡ್ಡಹೆಸರು. ಇದರ ಹಿಂದೆ ದ್ವೇಷವಿಲ್ಲ, ಅಜ್ಞಾನವಿದೆ. ಆದರೆ ಅಜ್ಞಾನದ ನೆಲದಲ್ಲಿ ದ್ವೇಷ ಬೇರೂರಲು ಹೆಚ್ಚು ಕಾಲ ಬೇಡವೆಂಬುದನ್ನು ನಾರ್ವಿಚ್‌ನಿಂದ ಕೀಲ್ಟ್ಸೆಯವರೆಗಿನ ಕಥನ ಹೇಳುತ್ತದೆ. ನೆರೆಯ ಸಮುದಾಯದ ಬಗ್ಗೆ ಆಧಾರವಿಲ್ಲದ ಮಾತು ಯಾವ ದೇಶದಲ್ಲಿ, ಯಾರ ವಿಷಯದಲ್ಲಿ ಹುಟ್ಟಿದರೂ ಅದರ ನಡೆ ಒಂದೇ ಬಗೆಯದು.

ಆದುದರಿಂದ ಹೊರನಾಡಿನ ಕನ್ನಡ ಸಂಶೋಧಕರು ಕೈಗೊಳ್ಳಬಹುದಾದ ಕೆಲವು ಕೆಲಸಗಳನ್ನು ಸೂಚಿಸಬಹುದು. ಈ ವಿಷಯದ ಪಾರಿಭಾಷಿಕ ಪದಗಳನ್ನು ಪರಿಷ್ಕರಿಸಿ ನಿಘಂಟು, ಪಠ್ಯಪುಸ್ತಕಗಳಿಗೆ ಒದಗಿಸುವುದು ಮೊದಲನೆಯದು. ರಿಂಗೆಲ್‌ಬ್ಲೂಮ್ ಸಂಗ್ರಹದಿಂದ ಆಯ್ದ ಬರೆಹಗಳನ್ನು ಬಲ್ಲವರ ನೆರವಿನಿಂದ ಕನ್ನಡಕ್ಕೆ ತರುವುದು ಎರಡನೆಯದು. ಮುಂಬಯಿ, ದೆಹಲಿ, ಬೆಂಗಳೂರುಗಳ ಪತ್ರಾಗಾರಗಳಲ್ಲಿ ಯಹೂದ್ಯ ಆಶ್ರಿತರನ್ನು ಕುರಿತ ಕಡತಗಳನ್ನೂ ಅಂದಿನ ಕನ್ನಡ ಪತ್ರಿಕೆಗಳನ್ನೂ ಶೋಧಿಸಿ, ನಮ್ಮ ಜನ ಆ ಕಾಲದಲ್ಲಿ ಏನನ್ನು ಅರಿತಿದ್ದರು, ಹೇಗೆ ನಡೆದುಕೊಂಡರು ಎಂಬುದನ್ನು ಒಳಿತು ಕೆಡುಕುಗಳೆರಡನ್ನೂ ಮರೆಮಾಚದೆ ದಾಖಲಿಸುವುದು ಮೂರನೆಯದು.

ಮೂರೂ ಸಾವಧಾನದ, ಸದ್ದಿಲ್ಲದ ಕೆಲಸಗಳು. ವಾರ್ಸಾದ ನೆಲಮಾಳಿಗೆಯಲ್ಲಿ ಪೆಟ್ಟಿಗೆಗಳನ್ನು ಹೂಳಿದವರಿಗೆ ಅವುಗಳನ್ನು ಯಾರು ತೆಗೆಯುವರು, ಯಾವ ಭಾಷೆಯವರು ಓದುವರು ಎಂಬುದು ತಿಳಿದಿರಲಿಲ್ಲ. ಆದರೂ ಅಪರಿಚಿತನಾದ ಆ ಓದುಗ ಅರ್ಥಮಾಡಿಕೊಳ್ಳುವಂತೆ ತೇದಿ, ಸ್ಥಳ, ಹೆಸರುಗಳನ್ನು ನಮೂದಿಸಿ ಇಟ್ಟರು. ಆ ಓದುಗರಲ್ಲಿ ಕನ್ನಡಿಗರೂ ಸೇರುವಂತಾಗಬೇಕು.